ಮಡಿಕೆ ಸಾಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ತಂಗಿ ನಡೆಸುತ್ತಿದ್ದ ಹಾಯಿ ಕಾರ್ಖಾನೆಗೆ ಅಣ್ಣ ಬಂದು, ಶೂ ಬಿಚ್ಚದೆ ಒಳಗೆ ಕಾಲಿಟ್ಟ.

ಅಲ್ಲಿ ಯಾರೂ ಶೂ ಹಾಕಿಕೊಂಡು ಒಳಗೆ ಬರುವುದಿಲ್ಲ. ನೆಲವೇ ಅವರ ಮೇಜು. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಮರದ ಹಲಗೆಯ ನೆಲದ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಮಂಡಿಯೂರಿ ಹೊಲಿಯುತ್ತಾರೆ. ಆ ದಿನ ಹಾಸಿದ್ದು ಒಂದು ತರಬೇತಿ ಶಾಲೆಯ ದೋಣಿಯ ಹಾಯಿ. ಅಣ್ಣನ ಬಲಗಾಲಿನ ಶೂ ಅದರ ಅಂಚಿನಿಂದ ಒಂದು ಗೇಣು ಈಚೆಗೆ ನಿಂತಿತು.

"ಕ್ಯಾಪ್ಟನ್ ಸಾಹೇಬ್ರು ಬಂದ್ರು," ಎಂದ ಕತ್ತರಿ, ತಲೆ ಎತ್ತದೆ. "ಹಡಗುಗಳನ್ನ ಬಾಗಿಲ ಹೊರಗೆ ನಿಲ್ಲಿಸೋಕೆ ಹೇಳಿ."

ಕತ್ತರಿ ಎಂಬುದು ಬಟ್ಟೆ ಕತ್ತರಿಸುವವನ ಅಡ್ಡಹೆಸರು. ಅರವತ್ತೆರಡರ ಅವನು ನಲವತ್ತು ವರ್ಷಗಳಿಂದ ಅದೇ ನೆಲದ ಮೇಲಿದ್ದಾನೆ. ಕ್ಯಾಪ್ಟನ್ ಎಂಬುದು ಅಣ್ಣನ ವೇದಿಕೆಯ ಹೆಸರು. ನಲವತ್ತೆಂಟರ ಅಣ್ಣನಿಗೆ ಬಂದರಿನ ತಡೆಗೋಡೆ ದಾಟಿದರೆ ವಾಂತಿಯಾಗುತ್ತದೆ. ಇದು ಮನೆಯವರಿಗೆ ಗೊತ್ತು, ಸಭಿಕರಿಗೆ ಗೊತ್ತಿಲ್ಲ.

ಸಭಿಕರೆಂದರೆ ವಿಮೆ ಏಜೆಂಟರು, ಬ್ಯಾಂಕಿನ ಹೊಸ ಗುಮಾಸ್ತರು, ಫ್ರಿಜ್ಜು ಮಾರುವವರು. ಅವರನ್ನು ಹೋಟೆಲಿನ ಸಭಾಂಗಣದಲ್ಲಿ ಕೂರಿಸಿ ಅಣ್ಣ ಮೂರು ಗಂಟೆ ಮಾತನಾಡುತ್ತಾನೆ. ಬದುಕು ಸಮುದ್ರ, ಗುರಿ ಎಂಬುದು ಆಚೆ ದಡ, ಮನಸ್ಸು ಹಾಯಿ. ಗಾಳಿ ಜೋರಾದಾಗ ಹೇಡಿ ಹಾಯಿ ಇಳಿಸುತ್ತಾನೆ, ಗೆಲ್ಲುವವನು ಪೂರ್ತಿ ಏರಿಸುತ್ತಾನೆ. ಕೊನೆಯ ಅರ್ಧ ಗಂಟೆಯಲ್ಲಿ ಅವನು ತನ್ನ ಜೀವನದ ಘಟನೆಯೆಂದು ಒಂದನ್ನು ಹೇಳುತ್ತಾನೆ: ಇಪ್ಪತ್ತೆರಡನೇ ವಯಸ್ಸಿನಲ್ಲಿ, ಬಿರುಗಾಳಿಯಲ್ಲಿ, ಕೈ ಮುರಿದುಕೊಂಡು ಬಿದ್ದ ತಂದೆಯನ್ನು ಕಾಲ ಬಳಿ ಮಲಗಿಸಿಕೊಂಡು, ಪೂರ್ತಿ ಹಾಯಿ ಏರಿಸಿ ದೋಣಿಯನ್ನು ದಡ ಮುಟ್ಟಿಸಿದ್ದು. ಅಲ್ಲಿಗೆ ಬಂದಾಗ ಫ್ರಿಜ್ಜು ಮಾರುವವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಆ ದಿನ ದೋಣಿಯಲ್ಲಿ ಇದ್ದದ್ದು ಅಣ್ಣನಲ್ಲ, ತಂಗಿ.

ಅವಳಿಗೆ ಈಗ ನಲವತ್ತೈದು. ತಂದೆಯ ನಂತರ ಕಾರ್ಖಾನೆ ನಡೆಸುತ್ತಿರುವವಳು ಅವಳೇ. ಅಣ್ಣ ಆ ಕಥೆಯನ್ನು ಹನ್ನೊಂದು ವರ್ಷಗಳಿಂದ ಹೇಳುತ್ತಿದ್ದಾನೆಂದು ಅವಳಿಗೆ ತಿಳಿದಿತ್ತು. ಒಬ್ಬ ಗಿರಾಕಿ ಫೋನಿನಲ್ಲಿ ತೋರಿಸಿದ್ದ. ಆಗ ಅವಳು ಏನೂ ಹೇಳಿರಲಿಲ್ಲ. ಅಣ್ಣ ಇದ್ದದ್ದು ಬೇರೆ ಊರಿನಲ್ಲಿ. ಮಾತನಾಡದೆ ಇರುವುದು ಸುಲಭವಾಗಿತ್ತು.

ಈಗ ಆ ಕಥೆ ಪುಸ್ತಕವಾಗುತ್ತಿತ್ತು. ಹನ್ನೆರಡು ಅಧ್ಯಾಯಗಳಲ್ಲಿ ಅದೇ ಮೊದಲನೆಯದು. ಪ್ರಕಾಶನ ಸಂಸ್ಥೆಯಲ್ಲಿ ಒಂದು ನಿಯಮವಿತ್ತು. ಲೇಖಕ ನಿಜವಾಗಿ ನಡೆದದ್ದು ಎಂದು ಬರೆದ ಪ್ರತಿ ಘಟನೆಗೂ ಲೇಖಕನಲ್ಲದ ಒಬ್ಬ ಸಾಕ್ಷಿ ಬೇಕು, ಸಾಕ್ಷಿಯನ್ನು ಸಂಸ್ಥೆಯ ಪರಿಶೀಲಕರು ಖುದ್ದಾಗಿ ಕಂಡು ಮಾತನಾಡಬೇಕು. ಪರಿಶೀಲಕರು ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಬರುವವರಿದ್ದರು. ಅಣ್ಣ ನಾಲ್ಕು ಗಂಟೆ ಮೊದಲೇ ಬಂದಿದ್ದ.

"ನೀನೇನೂ ಮಾಡ್ಬೇಕಾಗಿಲ್ಲ," ಎಂದ. "ಮೂರು ಗಂಟೆಗೆ ಎಲ್ಲಾದ್ರೂ ಹೊರಗೆ ಕೆಲಸ ಹಾಕ್ಕೋ. ಅಷ್ಟೇ ಕೇಳ್ತಿರೋದು."

ಮೂರು ಗಂಟೆಗೆ ತನಗೆ ಇಲ್ಲೇ ಕೆಲಸವಿದೆ ಎಂದಳು ತಂಗಿ. ಅವಳು ಬಲಗೈಯ ಚರ್ಮದ ಪಟ್ಟಿಯನ್ನು ಬಿಚ್ಚಲಿಲ್ಲ. ದಬ್ಬಣವನ್ನು ಬಟ್ಟೆಯೊಳಗೆ ತಳ್ಳಲು ಅಂಗೈಗೆ ಕಟ್ಟುವ ಪಟ್ಟಿ ಅದು. ಅದನ್ನು ಕಟ್ಟಿಕೊಂಡೇ ಮಾತನಾಡಿದರೆ ಎದುರಿಗಿರುವವರಿಗೆ ಹೊತ್ತಿಲ್ಲವೆಂದು ಅರ್ಥ.

ಅಣ್ಣ ಕೋಟಿನ ಒಳಜೇಬಿನಿಂದ ಒಂದು ಹಾಳೆ ತೆಗೆದ. ಟೈಪು ಮಾಡಿದ್ದು, ಆರು ಸಾಲು. ತನ್ನ ಮಗ ಆ ದಿನ ತನ್ನ ಗಂಡನ ಜೊತೆ ದೋಣಿಯಲ್ಲಿದ್ದನೆಂದೂ, ಸಂಜೆ ಬಂದರಿನಲ್ಲಿ ಅವರಿಬ್ಬರೂ ಇಳಿಯುವುದನ್ನು ತಾನು ಕಣ್ಣಾರೆ ಕಂಡೆನೆಂದೂ ಅದರಲ್ಲಿತ್ತು. ಕೆಳಗೆ ತಾಯಿಯ ಸಹಿ. ಓರೆಯಾದ, ಆದರೆ ನಡುಗದ ಅಕ್ಷರ.

"ಯಾವಾಗ ಹಾಕಿಸ್ಕೊಂಡೆ?"

"ಹೋದ ವಾರ. ನೀನು ಬಟ್ಟೆ ತರೋಕೆ ಹೋಗಿದ್ದಾಗ. ನಾನೇನೂ ಕೈ ಹಿಡಿದು ಬರೆಸಿಲ್ಲ. ಓದಿ, ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಓದಿ ಹಾಕಿದಾಳೆ." ಅಣ್ಣ ಹಾಳೆಯನ್ನು ಮಡಚಿದ. "ಈಗ ನೀನು ಬಾಯಿ ಬಿಟ್ರೆ ಸುಳ್ಳಾಗೋದು ನಾನಲ್ಲ. ಅಮ್ಮ. ಎಪ್ಪತ್ನಾಲ್ಕನೇ ವಯಸ್ಸಲ್ಲಿ, ಯಾರೋ ಗುರುತಿಲ್ಲದವರ ಮುಂದೆ. ಮಾಡ್ತೀಯಾ? ಮಾಡು."

ಕತ್ತರಿ ತನ್ನ ಕತ್ತರಿಯನ್ನು ನೆಲದ ಮೇಲಿಟ್ಟು, ಬೀಡಿ ಸೇದಿ ಬರುವುದಾಗಿ ಹೇಳಿ ಹೊರಗೆ ಹೋದ. ಅವನು ಬೀಡಿ ಬಿಟ್ಟು ಆರು ವರ್ಷವಾಗಿತ್ತು.

ಇಪ್ಪತ್ತಾರು ವರ್ಷಗಳ ಹಿಂದೆ ನಡೆದದ್ದು ಇಷ್ಟು.

ತಂದೆಯದು ಇಪ್ಪತ್ತೆರಡು ಅಡಿಯ ಮರದ ಹಾಯಿದೋಣಿ. ಅದಕ್ಕೆ ಹೊಸ ಹಾಯಿ ಹೊಲಿದಿದ್ದರು. ಅದನ್ನು ಕಟ್ಟಿ ನೋಡಲೆಂದು ಬೆಳಿಗ್ಗೆ ಒಂಬತ್ತೂಕಾಲಿಗೆ ತಂದೆ ಮತ್ತು ಮಗಳು ಹೊರಟರು. ಮಗಳಿಗೆ ಹತ್ತೊಂಬತ್ತು. ಅಣ್ಣ ಆ ಮಧ್ಯಾಹ್ನ ಸಿನಿಮಾಕ್ಕೆ ಹೋಗಿದ್ದ. ಹನ್ನೆರಡೂವರೆಗೆ ಗಾಳಿ ಎದ್ದಿತು. ಗಾಳಿ ಜೋರಾದಾಗ ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಿ ಹಾಯಿಯನ್ನು ಗಿಡ್ಡ ಮಾಡುತ್ತಾರೆ. ಅದಕ್ಕೆಂದೇ ಹಾಯಿಗೆ ಅಡ್ಡವಾಗಿ ಒಂದು ಸಾಲು ತೂತುಗಳಿಗೆ ಉಂಗುರ ಕೂರಿಸಿ ಹೊಲಿದಿರುತ್ತಾರೆ. ಕಾರ್ಖಾನೆಯಲ್ಲಿ ಅದಕ್ಕೆ ಮಡಿಕೆ ಸಾಲು ಎನ್ನುತ್ತಾರೆ. ತಂದೆ ಮಗಳ ಕೈಗೆ ಚುಕ್ಕಾಣಿ ಕೊಟ್ಟು, ಹಾಯಿ ಮಡಚಿ ಕಟ್ಟಿ, ಬಂದು ಅವಳ ಎದುರು ಕುಳಿತರು. ಹತ್ತು ನಿಮಿಷದ ನಂತರ ದೋಣಿ ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಮರ ಆ ಬದಿಯಿಂದ ಈ ಬದಿಗೆ ಬೀಸಿತು. ತಂದೆಯ ಬಲಗೈ ಮೊಣಕೈಗಿಂತ ಮೇಲೆ ಮುರಿಯಿತು.

ಹಾಯಿ ಪೂರ್ತಿ ಬಿಚ್ಚಿದರೆ ದೋಣಿ ಮಗುಚುತ್ತಿತ್ತು. ಮಡಚಿದ ಹಾಗೆಯೇ ಬಿಟ್ಟರೆ ಅಡ್ಡಮರ ಇನ್ನೊಮ್ಮೆ ಬಡಿಯುತ್ತಿತ್ತು. ಮಗಳು ಹಾಯಿಯನ್ನು ಪೂರ್ತಿ ಇಳಿಸಿದಳು. ಗಾಳಿಗೆ ಮರೆಯಾಗಿದ್ದ ಒಂದು ಬಂಡೆಯ ಹಿಂದೆ ದೋಣಿ ತೇಲಿ ಹೋಗುವಂತೆ ನೋಡಿಕೊಂಡು, ಅಲ್ಲಿ ಲಂಗರು ಹಾಕಿದಳು. ಹುಟ್ಟಿನ ಹಿಡಿಯನ್ನು ತಂದೆಯ ತೋಳಿಗೆ ಆನಿಸಿ ಬಟ್ಟೆ ಸುತ್ತಿದಳು. ಒಂದು ಗಂಟೆ ಹತ್ತು ನಿಮಿಷದಿಂದ ಐದು ಗಂಟೆ ಇಪ್ಪತ್ತು ನಿಮಿಷದವರೆಗೆ ಅವರು ಅಲ್ಲಿಯೇ ಇದ್ದರು. ಗಾಳಿ ಬಿದ್ದ ಮೇಲೆ ದೋಣಿಯ ಮುಂಭಾಗದ ಚಿಕ್ಕ ಹಾಯಿಯೊಂದನ್ನೇ ಏರಿಸಿಕೊಂಡು ಬಂದರು. ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದರನ್ನು ಮುಟ್ಟಿದರು.

ಚುಕ್ಕಾಣಿ ಹುಡುಗಿಯ ಕೈಯಲ್ಲಿತ್ತು ಎಂಬುದು ಮೀನು ಮಾರುಕಟ್ಟೆಗೆ ಅದೇ ಸಂಜೆ ತಿಳಿಯಿತು. ಅವಳು ದೋಣಿಯನ್ನು ಎಡವಟ್ಟಾಗಿ ತಿರುಗಿಸಿದ್ದರಿಂದಲೇ ಅಡ್ಡಮರ ಬಡಿಯಿತು ಎಂದು ಮಾರುಕಟ್ಟೆ ತೀರ್ಮಾನಿಸಿತು. ತಾಯಿಯೂ ಹಾಗೇ ತೀರ್ಮಾನಿಸಿದರು. ಗಂಡನನ್ನು ಕೇಳಿದಾಗ ಅವರು, ಗಾಳಿ ತಿರುಗಿತು ಎಂದಷ್ಟೇ ಹೇಳಿದರು. ಅದು ಮಗಳನ್ನು ಕಾಯುವ ಮಾತು ಎಂದು ತಾಯಿಗೆ ಅನ್ನಿಸಿತು. ಮುರಿದ ಆ ಕೈ ಮತ್ತೆ ದಬ್ಬಣವನ್ನು ನಾಲ್ಕು ಪದರಕ್ಕೆ ತಳ್ಳಲಿಲ್ಲ. ತಂದೆ ಒಂಬತ್ತು ವರ್ಷ ಎಡಗೈಯಲ್ಲಿ ಗೆರೆ ಎಳೆದು, ಲೆಕ್ಕ ಹೇಳಿ, ಸತ್ತರು. ಆ ಒಂಬತ್ತು ವರ್ಷವೂ, ನಂತರದ ಹದಿನೇಳು ವರ್ಷವೂ ತಾಯಿ ಮತ್ತು ಮಗಳು ಒಂದೇ ನೆಲದ ಮೇಲೆ ಕೆಲಸ ಮಾಡಿದರು, ಮೇಲಂತಸ್ತಿನ ಒಂದೇ ಅಡುಗೆಮನೆಯಲ್ಲಿ ಉಂಡರು. ಮಗಳು ಲೋಟ ಬೀಳಿಸಿದರೂ ತಾಯಿ "ನಿನ್ನ ಕೈಗೆ ಏನು ಕೊಟ್ರೂ ಅಷ್ಟೇ" ಎನ್ನುತ್ತಿದ್ದರು. ಯಾವುದರ ಬಗ್ಗೆ ಹೇಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು.

ಈಗ ಅಣ್ಣ ಆ ಕಾಗದವನ್ನು ಮತ್ತೆ ಜೇಬಿಗೆ ಇಳಿಸುತ್ತಿದ್ದಾಗ ತಂಗಿ ಅಂಗೈಯ ಪಟ್ಟಿ ಬಿಚ್ಚಿದಳು.

"ಹಾಯಿ ಪೂರ್ತಿ ಏರಿಸಿದೆ ಅಂತ ಬರ್ದಿದೀಯಲ್ಲ," ಎಂದಳು. "ನಾನು ಇಳಿಸಿದ್ದೆ."

"ಗೊತ್ತು. ಇಳಿಸಿ ನಾಲ್ಕು ಗಂಟೆ ಬಂಡೆ ಹಿಂದೆ ಕೂತಿದ್ರಿ ಅಂತ ಬರೆದ್ರೆ ಯಾರು ಚಪ್ಪಾಳೆ ತಟ್ತಾರೆ?"

"ಚಪ್ಪಾಳೆ ತಟ್ಟೋರು ಯಾರೂ ಆ ದೋಣಿಲಿ ಇರಲಿಲ್ಲ."

ಅಣ್ಣ ನಕ್ಕ. ಜನಕ್ಕೆ ಬೇಕಾದದ್ದು ಗೆಲುವು, ದೋಣಿಯ ವಿವರವಲ್ಲ ಎಂದ. ತನ್ನ ಮಾತು ಕೇಳಿ ಅಂಗಡಿ ಹಾಕಿದವರಿದ್ದಾರೆ, ಕುಡಿತ ಬಿಟ್ಟವರಿದ್ದಾರೆ, ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಾಸಾದವರಿದ್ದಾರೆ ಎಂದ. ಅವಳ ನಾಲ್ಕು ಗಂಟೆಯಿಂದ ಯಾರಿಗೆ ಏನು ಸಿಕ್ಕಿತು, ಅವಳಿಗೇ ಏನು ಸಿಕ್ಕಿತು ಎಂದು ಕೇಳಿದ. ಇಪ್ಪತ್ತಾರು ವರ್ಷ ಮಂಡಿ ಸವೆಸಿದ್ದೇ ಅಲ್ಲವೇ. ಆ ಕಥೆ ಇವಳ ಹತ್ತಿರ ಕೊಳೆಯುತ್ತಿತ್ತು, ತಾನು ತೆಗೆದು ಕೆಲಸಕ್ಕೆ ಹಚ್ಚಿದೆ ಎಂದ. ಇಷ್ಟನ್ನೂ ವೇದಿಕೆಯ ದನಿಯಲ್ಲೇ ಹೇಳಿದ.

ತಂಗಿ ಅವನ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಅಪ್ಪನ ಕೈ ಹೇಗೆ ಮುರಿಯಿತು ಗೊತ್ತೇ ಎಂದು ಕೇಳಿದಳು.

"ನೀನು ತಿರುಗಿಸಿದ್ದಕ್ಕೆ."

"ಮಡಿಕೆ ಸಾಲಿನ ಹಿಂದಿನ ಉಂಗುರ ಮುಂದಿನದಕ್ಕಿಂತ ಒಂದು ಗೇಣು ಎತ್ತರ ಇರ್ಬೇಕು. ಆ ಹಾಯಿಲಿ ಒಂದು ಗೇಣು ತಗ್ಗಿತ್ತು. ಮಡಚಿ ಕಟ್ಟಿದ ತಕ್ಷಣ ಅಡ್ಡಮರದ ಬಾಲ ಎರಡು ಗೇಣು ಕೆಳಗೆ ಬಂತು. ಅಪ್ಪ ಯಾವಾಗ್ಲೂ ಕೂರೋ ಜಾಗ. ಯಾವಾಗ್ಲೂ ತಲೆ ಮೇಲೆ ಹೋಗ್ತಿದ್ದ ಮರ." ಅವಳು ಬಿಚ್ಚಿದ ಪಟ್ಟಿಯನ್ನು ನೆಲದ ಮೇಲಿಟ್ಟಳು. "ಗೆರೆ ಎಳೆದು ಉಂಗುರ ಹೊಲಿದೋನು ನೀನು."

ಸುಳ್ಳು ಎಂದ ಅಣ್ಣ. ಹೇಳಿದ ಮೇಲೆ ನೆಲ ನೋಡಿದ.

ಕಾರ್ಖಾನೆಯಲ್ಲಿ ಹಾಯಿ ಹಾಸುವುದಕ್ಕೆ ಒಂದು ಪದ್ಧತಿಯಿದೆ. ಮುಂದಿನ ಅಂಚು ಯಾವಾಗಲೂ ಕಿಟಕಿಯ ಕಡೆಗೆ, ಹಿಂದಿನ ಅಂಚು ಗೋಡೆಯ ಕಡೆಗೆ. ಮಡಿಕೆ ಸಾಲಿನ ಗೆರೆ ಕಿಟಕಿಯ ಕಡೆ ತಗ್ಗಿನಲ್ಲಿ ಹೊರಟು ಗೋಡೆಯ ಕಡೆ ಎತ್ತರದಲ್ಲಿ ಮುಗಿಯುತ್ತದೆ. ಕೈಗೆ ರೂಢಿಯಾದ ಮೇಲೆ ಯಾರೂ ಯೋಚಿಸುವುದಿಲ್ಲ. ಆದರೆ ಹಾಯಿಯ ಇನ್ನೊಂದು ಮಗ್ಗುಲಿಗೆ ತೇಪೆ ಹಚ್ಚಬೇಕಾದಾಗ ಅದನ್ನು ಮಗುಚಿ ಹಾಕುತ್ತಾರೆ. ಆಗ ಮುಂದಿನ ಅಂಚು ಗೋಡೆಯ ಕಡೆಗೆ ಹೋಗುತ್ತದೆ. ಅಂಚಿಗೆ ಹಗ್ಗ ಹೊಲಿಯುವ ಮುಂಚೆ ಮುಂದು ಯಾವುದು, ಹಿಂದು ಯಾವುದು ಎಂದು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಮಗುಚಿದ ಹಾಯಿಯ ಮೇಲೆ ರೂಢಿಯ ಕೈ ರೂಢಿಯ ಗೆರೆಯನ್ನೇ ಎಳೆದರೆ ಸಾಲು ತಿರುವುಮುರುವು.

ಅಣ್ಣನ ಬಲಗೈ ತಾನಾಗಿಯೇ ಎದ್ದು ಕಿಟಕಿಯ ಕಡೆಯಿಂದ ಗೋಡೆಯ ಕಡೆಗೆ ಗಾಳಿಯಲ್ಲಿ ಒಂದು ಗೆರೆ ಎಳೆಯಿತು. ಅರ್ಧದಲ್ಲಿ ನಿಂತಿತು. ಇಪ್ಪತ್ತಾರು ವರ್ಷದಿಂದ ಸೀಮೆಸುಣ್ಣ ಮುಟ್ಟದ ಕೈ ಅದು. ಅವನು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಆ ಹಾಯಿ ಎಲ್ಲಿದೆ?" ಎಂದು ಕೇಳಿದ. ದನಿ ಈಗ ವೇದಿಕೆಯದ್ದಾಗಿರಲಿಲ್ಲ.

"ಆ ವಾರವೇ ನಾನು ರಾತ್ರಿ ಒಬ್ಬಳೇ ಕೂತು ಸಾಲು ಬಿಚ್ಚಿ ಬೇರೆ ಹೊಲಿದೆ. ಅಪ್ಪ ಹೇಳಿದ್ರು. ಆಮೇಲೆ ದೋಣಿ ಜೊತೆ ಮಾರಿದ್ರು."

"ಹಾಗಾದ್ರೆ ಸಾಬೀತಿಲ್ಲ."

"ಇಲ್ಲ."

"ನಿನ್ನ ಮಾತು ಒಂದು ಕಡೆ. ನನ್ನ ಮಾತು, ಅಮ್ಮನ ಸಹಿ ಇನ್ನೊಂದು ಕಡೆ." ಅಣ್ಣ ಬಾಗಿಲ ಕಡೆ ನಡೆದ. "ಇಷ್ಟು ವರ್ಷ ಇಟ್ಕೊಂಡಿದ್ಯಲ್ಲ, ಪುಣ್ಯಾತ್ಗಿತ್ತಿ. ಇನ್ನೊಂದು ದಿನ ಇಟ್ಕೊಂಡ್ರೆ ಹೊಟ್ಟೆ ಒಡೆದು ಹೋಗಲ್ಲ."

ಅವಳು ಇಟ್ಟುಕೊಂಡದ್ದು ತಂದೆ ಕೇಳಿದ್ದರಿಂದ. ಆಸ್ಪತ್ರೆಯಲ್ಲಿ, ಕೈಗೆ ಪಟ್ಟಿ ಕಟ್ಟುವ ಮುಂಚೆ ಅವರು ಹೇಳಿದ್ದರು: ಅವನಿಗೆ ಹೇಳಬೇಡ, ಅಮ್ಮನಿಗೂ ಹೇಳಬೇಡ, ಅವಳ ಬಾಯಲ್ಲಿ ನಿಲ್ಲುವುದಿಲ್ಲ, ಗೊತ್ತಾದರೆ ಹುಡುಗ ಇನ್ನು ದಬ್ಬಣ ಮುಟ್ಟುವುದಿಲ್ಲ. ಮೂರು ತಿಂಗಳ ನಂತರ ಹುಡುಗ ದಾರಕ್ಕೆ ಹಚ್ಚುವ ಮೇಣದ ವಾಸನೆ ತಲೆನೋವು ತರುತ್ತದೆ ಎಂದು ದಬ್ಬಣ ಬಿಟ್ಟು ಸಾಬೂನು ಮಾರುವ ಕೆಲಸಕ್ಕೆ ಸೇರಿದ. ತಂದೆ ಮಾತ್ರ ಮಗಳನ್ನು ಆ ಮಾತಿನಿಂದ ಬಿಡಿಸಲಿಲ್ಲ. ಮರೆತರೋ, ಬೇಡವೆಂದು ಬಿಟ್ಟರೋ ಅವಳಿಗೆ ಗೊತ್ತಿಲ್ಲ.

ಹನ್ನೆರಡೂವರೆಗೆ ಮೇಲಿನ ಅಡುಗೆಮನೆಯಲ್ಲಿ ಅವಳು ತಾಯಿಯನ್ನು ಕೇಳಿದಳು. ಸಹಿ ಹಾಕಿದ್ದು ನಿಜವೇ ಎಂದು ಕೇಳಲಿಲ್ಲ, ಯಾಕೆ ಎಂದು ಕೇಳಿದಳು. ಅಣ್ಣ ಎದುರಿನ ಕುರ್ಚಿಯಲ್ಲಿ ಕುಳಿತು ಊಟ ಮಾಡುತ್ತಿದ್ದ.

ತಾಯಿ ಒಲೆಯ ಉರಿ ಸಣ್ಣಗೆ ಮಾಡಿದರು. "ಅವನಿಗೆ ಅದು ಅನ್ನ ಹಾಕ್ತಿದೆ," ಎಂದರು. "ನಿನಗೇನು ಮಾಡ್ಬೇಕು ಅದನ್ನ? ಅಪ್ಪನ ಕೈ ಮುರಿದೋಳು ಅಂತ ಪುಸ್ತಕದಲ್ಲಿ ಹಾಕಿಸ್ಕೋಬೇಕಾ? ನಿನ್ನ ಹೆಸರು ಅದರಲ್ಲಿ ಇಲ್ದೇ ಇರೋದೇ ನಿನಗೆ ಒಳ್ಳೇದು. ನಿನ್ನ ಮುಖ ಉಳಿಸೋಕೆ ಹಾಕಿದೀನಿ ಅಂತ್ಲೇ ತಿಳ್ಕೋ."

ತಂಗಿ ಅಣ್ಣನನ್ನು ನೋಡಿದಳು. ಅಣ್ಣ ನೀರಿನ ಲೋಟ ಎತ್ತಿ ಪೂರ್ತಿ ಕುಡಿದ, ಕೆಳಗಿಟ್ಟ, ಇನ್ನೊಂದು ತುತ್ತು ತೆಗೆದುಕೊಂಡ. ಅವನಿಗೆ ನಿಜ ತಿಳಿದು ಒಂದೂವರೆ ಗಂಟೆಯಾಗಿತ್ತು. ಒಂದು ಮಾತು ಸಾಕಿತ್ತು. ಅವಳು ಊಟ ಮಾಡದೆ ಕೆಳಗೆ ಹೋದಳು.

ಪರಿಶೀಲಕರು ಎರಡು ಗಂಟೆ ಐವತ್ತೈದಕ್ಕೆ ಬಂದರು. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ಮೊದಲು ಕೋರ್ಟು ವರದಿ ಬರೆಯುತ್ತಿದ್ದರಂತೆ. ಬಾಗಿಲಲ್ಲಿ ಚಪ್ಪಲಿಗಳನ್ನು ಕಂಡು ಯಾರೂ ಹೇಳದೆಯೇ ಶೂ ಬಿಚ್ಚಿದರು. ಒಂದು ಕಾಲುಚೀಲ ಹೆಬ್ಬೆರಳ ಬಳಿ ತೂತಾಗಿತ್ತು.

"ಬಿಚ್ಚಿ ಕೊಡಿ, ಎರಡು ನಿಮಿಷದಲ್ಲಿ ಹೊಲಿದು ಕೊಡ್ತೀವಿ," ಎಂದ ಕತ್ತರಿ.

ಪರಿಶೀಲಕರು ನಗಲಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ಗಾಜಿನ ಗೋಡೆಯ ಚಿಕ್ಕ ಆಫೀಸು. ಅಲ್ಲಿ ನಾಲ್ಕು ಜನ ಕುಳಿತರು: ಅವರು, ತಾಯಿ, ಅಣ್ಣ ಮತ್ತು ಕರೆಯದಿದ್ದರೂ ಬಂದು ಕುಳಿತ ತಂಗಿ. ಆಕೆ ಯಾರು ಎಂದು ಪರಿಶೀಲಕರು ಕೇಳಿದರು. ಕಾರ್ಖಾನೆ ನೋಡಿಕೊಳ್ಳುವವಳು ಎಂದ ಅಣ್ಣ. ತಂಗಿ ಎನ್ನಲಿಲ್ಲ.

ಮೊದಲ ಕಾಲು ಗಂಟೆ ಅಣ್ಣನ ಪರವಾಗಿಯೇ ಹೋಯಿತು. ಪರಿಶೀಲಕರು ಬಂದರಿನ ಕಚೇರಿಯಲ್ಲಿ ಹಳೆಯ ರಿಜಿಸ್ಟರ್ ತೆಗೆಸಿ ನೋಡಿದ್ದರು. ದೋಣಿ ಬಂದದ್ದು ಆರು ಇಪ್ಪತ್ತಕ್ಕೆ. ಅದರಲ್ಲಿದ್ದವರು ಇಬ್ಬರು, ಒಬ್ಬರಿಗೆ ಗಾಯ. ಹೆಸರು ಬರೆದಿರಲಿಲ್ಲ. ತಾಯಿ ಪ್ರಶ್ನೆಗಳಿಗೆ ಗಟ್ಟಿ ದನಿಯಲ್ಲಿ ಉತ್ತರಿಸಿದರು. ಹೌದು, ತಾನು ಬಂದರಿನಲ್ಲಿದ್ದೆ. ಹೌದು, ಗಂಡನ ತೋಳಿಗೆ ಬಟ್ಟೆ ಸುತ್ತಿತ್ತು. ಜೊತೆಗೆ ಇದ್ದದ್ದು ಮಗ. ತಂಗಿ ಗಾಜಿನಾಚೆ ನೆಲದ ಮೇಲೆ ಹಾಸಿದ್ದ ಹಾಯಿಯನ್ನು ನೋಡುತ್ತ ಕುಳಿತಿದ್ದಳು.

ಒಂದು ಅನುಮಾನವಿದೆ ಎಂದರು ಪರಿಶೀಲಕರು. ಹವಾಮಾನ ಕಚೇರಿಯ ಪ್ರಕಾರ ಐದು ಗಂಟೆಗೇ ಗಾಳಿ ಬಿದ್ದಿತ್ತು. ಬಿರುಗಾಳಿಯಲ್ಲಿ ಪೂರ್ತಿ ಹಾಯಿ ಏರಿಸಿ ಬಂದಿದ್ದರೆ ಎರಡು ಗಂಟೆಗೇ ತಲುಪಬೇಕಿತ್ತಲ್ಲ. ಅಣ್ಣ, ಸಮುದ್ರದಲ್ಲಿ ದೂರವನ್ನು ಗಡಿಯಾರದಲ್ಲಿ ಅಳೆಯಲಾಗದು ಎಂದ. ಪರಿಶೀಲಕರು ಅದನ್ನು ಬರೆದುಕೊಂಡರು. ಆಮೇಲೆ ಅಧ್ಯಾಯದ ಒಂದು ಸಾಲಿಗೆ ಬೆರಳಿಟ್ಟರು.

"ಇಲ್ಲಿ ನಿಮ್ಮ ತಂದೆ ಇಪ್ಪತ್ತು ವರ್ಷ ಅದೇ ದೋಣಿ ನಡೆಸಿದ್ರು ಅಂತಿದೆ. ದಿನಾ ಕೂರೋ ಜಾಗದಲ್ಲಿ ಕೂತಿದ್ದಾಗ ಅಡ್ಡಮರ ಬಡೀತು ಅಂತಿದೆ. ಇಪ್ಪತ್ತು ವರ್ಷ ಬಡಿಯದೇ ಇದ್ದದ್ದು ಆ ದಿನ ಯಾಕೆ ಬಡೀತು?"

ಬಿರುಗಾಳಿ ಎಂದ ಅಣ್ಣ. ಬಿರುಗಾಳಿ ಮರವನ್ನು ಜೋರಾಗಿ ಬೀಸಬಹುದು, ತಗ್ಗಿಸುವುದು ಹೇಗೆ ಎಂದು ಪರಿಶೀಲಕರು ಕೇಳಿದರು. ಅಣ್ಣ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಆ ಸಾಲನ್ನು ಮತ್ತೆ ಓದತೊಡಗಿದ. ಅವರು ತಂಗಿಯ ಕಡೆ ತಿರುಗಿದರು.

"ನೀವು ಹಾಯಿ ಹೊಲಿಯೋರು. ನೀವು ಹೇಳಿ. ಹಾಗೆ ಬಡಿಯೋಕೆ ಸಾಧ್ಯವಾ?"

ಆಗ ಮೂರು ಗಂಟೆ ಇಪ್ಪತ್ತೆರಡು ನಿಮಿಷ. ತಂಗಿ ತಾಯಿಯ ಕಡೆ ನೋಡದೆ ಹೇಳಿದಳು. ಪ್ರತಿ ತಿರುವಿನಲ್ಲೂ ಅಡ್ಡಮರ ಆ ಬದಿಯಿಂದ ಈ ಬದಿಗೆ ಹೋಗುತ್ತದೆ, ಚುಕ್ಕಾಣಿ ಯಾರು ಹಿಡಿದಿದ್ದರೂ ಹೋಗುತ್ತದೆ, ಕೂತವನ ತಲೆಯ ಮೇಲೆಯೇ ಹೋಗುತ್ತದೆ. ಮಡಿಕೆ ಸಾಲಿನ ಹಿಂದಿನ ಉಂಗುರ ತಗ್ಗಿನಲ್ಲಿದ್ದರೆ ಮಾತ್ರ ಕೂತವನಿಗೆ ಬಡಿಯುತ್ತದೆ. ಹಾಯಿ ಹೊಸದು. ಅದನ್ನು ಮಡಚಿ ಕಟ್ಟಿದ್ದು ಅದೇ ಮೊದಲು. ಮುಂಚೆ ಯಾರ ಗಮನಕ್ಕೂ ಬಂದಿರಲು ಸಾಧ್ಯವಿಲ್ಲ.

"ಅಂದ್ರೆ ಹೊಲಿಗೆಯ ತಪ್ಪು."

"ಹೌದು."

"ಅದು ನಿಮ್ಮ ಊಹೆಯೋ, ಕಂಡದ್ದೋ?"

"ಕಂಡದ್ದು. ಸಾಲು ಬಿಚ್ಚಿ ಬೇರೆ ಹೊಲಿದೋಳು ನಾನು."

ಅಣ್ಣ ಕುರ್ಚಿ ಹಿಂದಕ್ಕೆ ತಳ್ಳಿದ. ಇವಳಿಗೆ ಹೊಟ್ಟೆಕಿಚ್ಚು ಎಂದ. ಹನ್ನೊಂದು ವರ್ಷದಿಂದ ತನ್ನ ಏಳಿಗೆ ಕಂಡು ಉರಿಯುತ್ತಿದ್ದಾಳೆ, ಮದುವೆ ಇಲ್ಲ, ಮಕ್ಕಳಿಲ್ಲ, ನಾಲ್ಕು ಗೋಡೆಯ ಹೊರಗೆ ಯಾರಿಗೂ ಇವಳ ಗುರುತಿಲ್ಲ ಎಂದ. ಪರಿಶೀಲಕರು ಅದನ್ನು ಬರೆದುಕೊಳ್ಳಲಿಲ್ಲ.

ತಾಯಿ ಇಷ್ಟು ಹೊತ್ತೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಐವತ್ತು ವರ್ಷ ಆ ನೆಲದ ಮೇಲೆ ಮೇಣದ ದಾರ ಎಳೆದ ಕೈಗಳು. ಹಾಯಿಯ ಲೆಕ್ಕವನ್ನೂ, ಆ ಹಾಯಿಗೆ ಗೆರೆ ಎಳೆದವನು ಯಾರೆಂಬುದನ್ನೂ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಮಗನಿಗೆ ಒಂದೇ ಪ್ರಶ್ನೆ ಕೇಳಿದರು.

"ಆ ಗೆರೆ ಎಳೆದಿದ್ದು ಊಟಕ್ಕೆ ಮುಂಚೆನೋ, ಊಟ ಆದ್ಮೇಲೋ?"

ಆ ಕಾರ್ಖಾನೆಯಲ್ಲಿ ದೊಡ್ಡ ಹಾಯಿಗಳನ್ನು ಮಗುಚುವುದು ಊಟದ ಹೊತ್ತಿನಲ್ಲಿ. ಆಗ ನೆಲ ಖಾಲಿಯಿರುತ್ತದೆ. ಇಬ್ಬರು ಎರಡು ಮೂಲೆ ಹಿಡಿದು ಓಡಿದರೆ ಸಾಕು. ತಂದೆಯ ಕಾಲದಲ್ಲಿ ಆ ಇಬ್ಬರು ತಾಯಿ ಮತ್ತು ಕತ್ತರಿ. ಮಗುಚಿದ್ದನ್ನು ಉಂಡು ಬರುವವರಿಗೆ ಹೇಳುವುದು ಅವರ ಕೆಲಸ. ಎಲ್ಲರಿಗೂ ಹೇಳಿದೆನೇ ಎಂದು ಇಪ್ಪತ್ತಾರು ವರ್ಷದ ನಂತರ ನೆನಪಿರುವುದಿಲ್ಲ.

"ಆದ್ಮೇಲೆ," ಎಂದ ಅಣ್ಣ. ಹೇಳಿಬಿಟ್ಟ ಮೇಲೆ ಬಾಯಿ ಮುಚ್ಚಿದ.

ತಾಯಿ ತಲೆಯಾಡಿಸಿದರು. ಪರಿಶೀಲಕರ ಮುಂದಿದ್ದ ಫೈಲಿನಿಂದ, ಅಣ್ಣ ಕೊಟ್ಟಿದ್ದ ತಮ್ಮ ಸಹಿಯ ಹಾಳೆಯನ್ನು ತಾವೇ ಎಳೆದುಕೊಂಡರು. ಅದನ್ನು ಹರಿಯಲಿಲ್ಲ. ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದರು.

"ಬರ್ಕೊಳ್ಳಿ," ಎಂದರು. "ಆ ದಿನ ದೋಣಿಯಿಂದ ಇಳಿದೋಳು ಇವಳು. ಇದು ನಾನು ಕಂಡಿದ್ದು. ಮುಂಚೆ ಹೇಳಿದ್ದು ಕಂಡಿದ್ದಲ್ಲ."

ಅಣ್ಣ "ಅಮ್ಮ" ಎಂದ. ತಾಯಿ ಅವನ ಕಡೆ ತಿರುಗಲಿಲ್ಲ, ತಿರುಗಿದ್ದು ಮಗಳ ಕಡೆಗೆ. ಅವರ ಮುಖದಲ್ಲಿ ಕರಗಿದ್ದು ಏನೂ ಇರಲಿಲ್ಲ.

"ಇಪ್ಪತ್ತಾರು ವರ್ಷ," ಎಂದರು. "ದಿನಾ ನನ್ನ ಎದುರು ಕೂತು ಉಂಡೆ. ನಾನು ಅಂದಿದ್ದೆಲ್ಲ ಅನ್ನಿಸ್ಕೊಂಡೆ. ಒಂದು ಮಾತು ಹೇಳಿದ್ರೆ ನಾನು ಅಂತಿದ್ನಾ? ನೀನು ಒಳ್ಳೆಯೋಳಾದೆ. ನನ್ನ ಏನು ಮಾಡಿಟ್ಟೆ?"

ಅಪ್ಪ ಹೇಳಬೇಡ ಅಂದಿದ್ದರು ಎಂದಳು ತಂಗಿ.

"ಅವರು ಸತ್ತು ಹದಿನೇಳು ವರ್ಷ ಆಯ್ತು."

ನಿಜ ಹೇಳುವುದಾದರೆ, ತಂದೆಯ ಮಾತಿನ ಹೆಸರಿನಲ್ಲಿ ಆ ಮೌನವನ್ನು ತಂಗಿ ತನ್ನದಾಗಿ ಮಾಡಿಕೊಂಡಿದ್ದಳು. ತಾಯಿ ಬೈದಾಗಲೆಲ್ಲ ತಾನು ಸರಿ, ಅವರು ತಪ್ಪು ಎಂದು ಒಳಗೊಳಗೇ ಗಟ್ಟಿಯಾಗುತ್ತ ಬಂದಿದ್ದಳು. ಅದು ತಾಯಿಗೆ ಈಗ ಕಂಡಿತ್ತು. ಮಗಳಿಗೂ ಆಗಲೇ ಕಂಡಿತು. ಪರಿಶೀಲಕರು ಪೆನ್ನಿನ ಮುಚ್ಚಳ ಹಾಕಿ, ಈ ಅಧ್ಯಾಯವನ್ನು ಹೀಗೇ ಅಚ್ಚಿಗೆ ಕಳಿಸಲಾಗದು, ಅಣ್ಣ ಬಯಸಿದರೆ ನಡೆದಂತೆ ತಿದ್ದಿ ಬರೆಯಬಹುದು ಎಂದರು.

"ಹಾಯಿ ಇಳಿಸಿದ ಕಥೆಯನ್ನಾ?" ಎಂದ ಅಣ್ಣ. "ಅದೂ ಇನ್ನೊಬ್ಬರದ್ದು."

ಅವನು ಮೂರು ಗಂಟೆ ನಲವತ್ತಕ್ಕೆ ಹೊರಟ. ಬರುವಾಗ ಹಾಯಿಯ ಈಚೆಗೇ ನಿಂತಿದ್ದ ಶೂ ಹೋಗುವಾಗ ಅದರ ಮೂಲೆಯನ್ನು ತುಳಿಯಿತು. ಬೇಕೆಂದೇ ತುಳಿದನೋ ಗೊತ್ತಿಲ್ಲ. ಕತ್ತರಿ ಒದ್ದೆ ಬಟ್ಟೆ ತಂದು ಆ ಗುರುತನ್ನು ಒರೆಸಿದ. ಅದು ಪೂರ್ತಿ ಹೋಗಲಿಲ್ಲ. ಆ ಭಾಗದ ಬಟ್ಟೆಯನ್ನು ಕತ್ತರಿಸಿ ಬೇರೆ ಹಾಕಬೇಕಾಯಿತು.

ಪುಸ್ತಕ ಎರಡು ತಿಂಗಳ ನಂತರ ಹನ್ನೊಂದು ಅಧ್ಯಾಯಗಳೊಂದಿಗೆ ಹೊರಬಂತು. ಸಭಾಂಗಣಗಳಲ್ಲಿ ಪರಿಶೀಲಕರು ಇರುವುದಿಲ್ಲವಾದ್ದರಿಂದ ಅಲ್ಲಿ ಬಿರುಗಾಳಿಯ ಕಥೆ ಮುಂದುವರಿಯಿತು. ಗಿರಾಕಿಯೊಬ್ಬ ಹೇಳಿದ ಪ್ರಕಾರ ಈಗ ಅದರಲ್ಲಿ ತಂದೆಯ ಕೈ ಮುರಿಯುವುದಿಲ್ಲ, ಅವರಿಗೆ ಜ್ವರ ಬರುತ್ತದೆ.

ಪರಿಶೀಲಕರು ಬಂದು ಹೋದ ಮರುದಿನವೂ ತಾಯಿ ಎಂದಿನಂತೆ ಎಂಟು ಗಂಟೆಗೆ ಕೆಳಗಿಳಿದು ಬಂದರು. ಕಿಟಕಿಯ ಬದಿಯಲ್ಲಿದ್ದ ತಮ್ಮ ಮಣೆಯನ್ನು ಎತ್ತಿಕೊಂಡು ಹೋಗಿ ಗೋಡೆಯ ಬದಿಗೆ ಹಾಕಿಕೊಂಡರು. ಮಗಳಿಗೆ ಹೇಳಬೇಕಾದದ್ದನ್ನು ಕತ್ತರಿಗೆ ಹೇಳುತ್ತಿದ್ದರು, ಕತ್ತರಿ ಅದನ್ನು ಆರಡಿ ದೂರದಲ್ಲಿದ್ದ ಮಗಳಿಗೆ ದಾಟಿಸುತ್ತಿದ್ದ. ಮಗಳ ಕೈಯಿಂದ ಲೋಟ ಬಿದ್ದರೆ ಈಗ ಯಾರೂ ಏನೂ ಅನ್ನುತ್ತಿರಲಿಲ್ಲ.

ಹದಿನೇಳನೆಯ ದಿನ, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಕತ್ತರಿ ರಜೆಯಲ್ಲಿದ್ದಾಗ, ತಾಯಿ ಮಗಳಿಗೇ ಮೇಣ ಮುಗಿದಿದೆ ಎಂದರು. ಮಗಳು ಎರಡು ಡಬ್ಬಿ ತರಿಸಿದಳು.